17 ಇಂಚಿನ ಮೇಲೆ ಇಷ್ಟೊಂದು ಸಿಟ್ಟು ಯಾಕೆ?

ಬ್ಯಾಟರ್ ಬಾಯಿ ಬಿಡುವುದಿಲ್ಲ. ಅಂಪೈರ್ ಕಡೆ ತಿರುಗಿಯೂ ನೋಡುವುದಿಲ್ಲ. ಹೋಮ್ ಪ್ಲೇಟಿನ, ಅಂದರೆ ಅವನ ಮುಂದೆ ನೆಲಕ್ಕೆ ಕೂರಿಸಿದ ಬಿಳಿ ಹಲಗೆಯ, ಪಕ್ಕದ ಮಣ್ಣಲ್ಲಿ ಬ್ಯಾಟಿನ ತುದಿಯಿಂದ ಒಂದು ಗೆರೆ ಎಳೆಯುತ್ತಾನೆ, ಅಷ್ಟೇ. ಮರುಕ್ಷಣ ಅಂಪೈರ್ ಮಾಸ್ಕ್ ಕಿತ್ತು ಕೈಗೆ ತೆಗೆದುಕೊಂಡು, ತೋಳು ಬೀಸಿ, ಅವನನ್ನು ಆಟದಿಂದಲೇ ಹೊರಗೆ ಹಾಕುತ್ತಾರೆ.

ಬೇಸ್‌ಬಾಲ್ ಹೊಸದಾಗಿ ನೋಡುವವರಿಗೆ ಇದು ತಲೆಬುಡ ಅರ್ಥ ಆಗುವುದಿಲ್ಲ. ನನಗೂ ಆಗಿರಲಿಲ್ಲ. ಆ ಗೆರೆಗೆ ಒಂದು ಅರ್ಥ ಇದೆ: ಚೆಂಡು ಹೋಗಿದ್ದು ಇಲ್ಲಿ, ಇಷ್ಟು ದೂರದಲ್ಲಿ, ಇದನ್ನು ನೀವು ಸ್ಟ್ರೈಕ್ (ಬ್ಯಾಟರ್ ಆಡಬೇಕಿದ್ದ ಎಸೆತ) ಅಂದಿರಿ. ತುಂಬಿದ ಮೈದಾನದ ಮುಂದೆ ಅಂಪೈರ್‌ಗೆ ಕಣ್ಣು ಕಾಣಲ್ಲ ಅಂತ ಬರೆದು ತೋರಿಸಿದ ಹಾಗೆ. ಅದಕ್ಕೇ ಆ ಗೆರೆಗೆ ಕ್ಷಮೆ ಇಲ್ಲ.

ನಾನು ಹಾಸನದ ಕಡೆಯವನು. ಕ್ರಿಕೆಟ್ ಒಂದೇ ಆಟ ಅಂತ ನಂಬಿಕೊಂಡು ಬೆಳೆದವನು. ಅಮೆರಿಕಕ್ಕೆ ಬಂದ ಮೇಲೆ ಬೇಸ್‌ಬಾಲ್ ಹಿಡಿಸಿತು, ಈಗ ಇಪ್ಪತ್ತು ವರ್ಷ ಆಗುತ್ತಾ ಬಂತು. ಮೊದಮೊದಲು ಆಟಗಾರರು ಅಂಪೈರ್ ಮೇಲೆ ರೇಗುವುದು ನನಗೆ ಬಹಳ ಇಷ್ಟವಾಗುತ್ತಿತ್ತು. ಎದ್ದು ನಿಂತು ನಾನೂ ಕೂಗಿದ್ದೇನೆ. ಈಗ ಹಾಗೆ ಅನ್ನಿಸುವುದಿಲ್ಲ. ಅದಕ್ಕೆ ಕಾರಣ ಬರೆಯಲು ಈ 2026ರ ಸೀಸನ್‌ಗಿಂತ ಒಳ್ಳೆಯ ಸಮಯ ಸಿಗದು. ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಇದೇ ಮೊದಲ ಸಲ, ಅಂಪೈರ್ ಹೇಳಿದ ಬಾಲ್-ಸ್ಟ್ರೈಕ್ ತೀರ್ಪನ್ನು ಆಟಗಾರ ಯಂತ್ರದ ಮುಂದೆ ಪ್ರಶ್ನಿಸಬಹುದು.

ಮೊದಲು ಜಗಳ ಯಾವುದರ ಮೇಲೆ ಅಂತ ಹೇಳಿಬಿಡುತ್ತೇನೆ. ಚೆಂಡು ಎಸೆಯುವ ಪಿಚರ್ ನಿಲ್ಲುವ ಜಾಗದಿಂದ ಹೋಮ್ ಪ್ಲೇಟಿಗೆ 60 ಅಡಿ 6 ಇಂಚು. ನಮ್ಮ ಕ್ರಿಕೆಟ್ ಪಿಚ್‌ಗಿಂತ ಸ್ವಲ್ಪ ಕಡಿಮೆ. ಗಂಟೆಗೆ 150 ಕಿಲೋಮೀಟರ್ ದಾಟಿದ ವೇಗದಲ್ಲಿ, ಅದೂ ನೆಲಕ್ಕೆ ಪುಟಿಯದೆ, ಚೆಂಡು ನೇರ ಬರುತ್ತದೆ. ಕೈ ಬಿಟ್ಟ ಮೇಲೆ ಪ್ಲೇಟ್ ಮುಟ್ಟಲು ಹತ್ತಿರತ್ತಿರ 0.4 ಸೆಕೆಂಡ್. ಪ್ಲೇಟಿನ ಅಗಲ 17 ಇಂಚು. ಆ 17 ಇಂಚಿನ ಮೇಲೆ, ಬ್ಯಾಟರ್‌ನ ಮಂಡಿಯಿಂದ ಹೆಚ್ಚುಕಡಿಮೆ ಎದೆಯ ಕೆಳಗಿನವರೆಗೆ, ಗಾಳಿಯಲ್ಲಿ ಒಂದು ಪೆಟ್ಟಿಗೆ ಇದೆ ಅಂದುಕೊಳ್ಳಿ. ಅದೇ ಸ್ಟ್ರೈಕ್ ಝೋನ್. ಬ್ಯಾಟ್ ಬೀಸದೆ ಬಿಟ್ಟ ಚೆಂಡು ಆ ಪೆಟ್ಟಿಗೆಗೆ ತಾಗಿದರೆ ಸ್ಟ್ರೈಕ್, ತಾಗದಿದ್ದರೆ ಬಾಲ್. ಮೂರು ಸ್ಟ್ರೈಕ್ ಆದರೆ ಔಟ್. ನಾಲ್ಕು ಬಾಲ್ ಆದರೆ ಬ್ಯಾಟರ್ ಪುಕ್ಕಟೆ ಮೊದಲ ಬೇಸ್‌ಗೆ ಹೋಗುತ್ತಾನೆ. ಬೇಸ್ ಅಂದರೆ ಬ್ಯಾಟರ್ ಓಡಿ ಮುಟ್ಟಬೇಕಾದ, ನೆಲಕ್ಕೆ ಕೂರಿಸಿದ ದಿಂಬು.

ಕಷ್ಟ ಇರುವುದು ಆ ಪೆಟ್ಟಿಗೆ ಯಾರ ಕಣ್ಣಿಗೂ ಕಾಣದೇ ಇರುವುದರಲ್ಲಿ. ಎಲ್‌ಬಿಡಬ್ಲ್ಯೂ ಕೊಡುವಾಗ ನಮ್ಮ ಅಂಪೈರ್ ಮುಂದೆ ಮೂರು ಕಡ್ಡಿಗಳಾದರೂ ನೆಟ್ಟಿರುತ್ತವೆ. ಇಲ್ಲಿ ಗಾಳಿ. ಬ್ಯಾಟರ್ ಬದಲಾದ ಹಾಗೆ ಪೆಟ್ಟಿಗೆಯ ಎತ್ತರವೂ ಬದಲಾಗುತ್ತದೆ. 6 ಅಡಿ 7 ಇಂಚಿನ ಆರನ್ ಜಡ್ಜ್ ನಿಂತಾಗ ಒಂದು ಪೆಟ್ಟಿಗೆ, 5 ಅಡಿ 6 ಇಂಚಿನ ಹೋಸೆ ಆಲ್ಟುವೆ ನಿಂತಾಗ ಇನ್ನೊಂದು. ಒಂದು ಪಂದ್ಯದಲ್ಲಿ ಬ್ಯಾಟ್ ಬೀಸದೆ ಬಿಟ್ಟ ಚೆಂಡುಗಳೇ ನೂರೈವತ್ತರ ಆಸುಪಾಸು. ಪ್ರತಿಯೊಂದಕ್ಕೂ ಆಗಿಂದಾಗಲೇ ತೀರ್ಪು ಕೊಡಬೇಕು.

ಇದನ್ನು ಮನುಷ್ಯರು ಎಷ್ಟು ಚೆನ್ನಾಗಿ ಮಾಡುತ್ತಾರೆ ಅಂದರೆ, ನೂರಕ್ಕೆ 93-94 ಸರಿ ಇರುತ್ತವೆ. ನನಗೆ ಇದು ಇವತ್ತಿಗೂ ಆಶ್ಚರ್ಯವೇ. ಆದರೂ ಲೆಕ್ಕ ಹಾಕಿ ನೋಡಿ, ಪಂದ್ಯಕ್ಕೆ ಹತ್ತು ತಪ್ಪು ಉಳಿದೇ ಉಳಿಯುತ್ತವೆ. ಅವು ಎಲ್ಲಿ ಬೀಳುತ್ತವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಒಂದು ಬಾಲ್, ಒಂದು ಸ್ಟ್ರೈಕ್ ಆಗಿದೆ ಅಂದುಕೊಳ್ಳಿ. ಮುಂದಿನದು ಬಾಲ್ ಆದರೆ ಪಿಚರ್ ಒತ್ತಡಕ್ಕೆ ಬಿದ್ದ. ಸ್ಟ್ರೈಕ್ ಆದರೆ ಬ್ಯಾಟರ್ ಔಟ್ ಆಗುವುದು ಇನ್ನು ಒಂದೇ ಸ್ಟ್ರೈಕ್ ದೂರ. ಒಂದು ಬೆರಳಿನ ಅಗಲದಷ್ಟು ವ್ಯತ್ಯಾಸದಲ್ಲಿ ಅವನ ಇಡೀ ಸರದಿ ತಿರುಗಿಹೋಗುತ್ತದೆ.

ಇನ್ನೊಂದು ವಿಷಯ ಹೊರಗಿನವರಿಗೆ ಕಾಣುವುದಿಲ್ಲ. ಅಂಪೈರ್‌ನನ್ನು ಯಾಮಾರಿಸುವುದೇ ಇಲ್ಲಿ ಒಂದು ಕಲೆ. ಬ್ಯಾಟರ್ ಹಿಂದೆ, ಅಂಪೈರ್ ಮುಂದೆ ಕೂರುವ ಕ್ಯಾಚರ್ ಚೆಂಡು ಹಿಡಿದ ಕೂಡಲೇ ಗ್ಲೌಸನ್ನು ಒಂದೆರಡು ಇಂಚು ಒಳಕ್ಕೆ ಎಳೆದುಕೊಳ್ಳುತ್ತಾನೆ. ಹೊರಗಿದ್ದ ಚೆಂಡು ಒಳಗೆ ಬಂದ ಹಾಗೆ ಕಾಣುತ್ತದೆ. ಇದಕ್ಕೆ ಫ್ರೇಮಿಂಗ್ ಅನ್ನುತ್ತಾರೆ. ಇದನ್ನು ಚೆನ್ನಾಗಿ ಮಾಡುವ ಕ್ಯಾಚರ್‌ಗೆ ತಂಡಗಳು ಒಳ್ಳೆಯ ದುಡ್ಡು ಕೊಡುತ್ತವೆ. ಅಂಪೈರ್ ಕೂಡ ಮನುಷ್ಯನೇ. ಬ್ಯಾಟರ್‌ಗೆ ಆಗಲೇ ಎರಡು ಸ್ಟ್ರೈಕ್ ಬಿದ್ದಿದ್ದರೆ ಅವರ ಪೆಟ್ಟಿಗೆ ಸ್ವಲ್ಪ ಚಿಕ್ಕದಾಗುತ್ತದೆ, ಪಿಚರ್ ಮೂರು ಬಾಲ್ ಎಸೆದು ಕಂಗಾಲಾಗಿದ್ದರೆ ಸ್ವಲ್ಪ ದೊಡ್ಡದಾಗುತ್ತದೆ. ವರ್ಷಗಟ್ಟಲೆ ಎಸೆತಗಳ ಲೆಕ್ಕ ಇಟ್ಟು ನೋಡಿದಾಗ ಇದು ಸ್ಪಷ್ಟವಾಗಿ ಕಂಡಿದೆ. ಸೋಲುತ್ತಿರುವವನ ಕಡೆ ಕರುಳು ಮಿಡಿಯುತ್ತದೆ ಅಂತ ನಾನು ಓದಿಕೊಳ್ಳುತ್ತೇನೆ.

ಹೀಗಿರುವಾಗ ಸಿಟ್ಟು ಬರುವುದು ಸಹಜ. ನಿಯಮ ಮಾತ್ರ ಖಡಾಖಂಡಿತ. ಬಾಲೋ ಸ್ಟ್ರೈಕೋ, ಔಟೋ ಸೇಫೋ ಅನ್ನುವ ತೀರ್ಪು ಅಂತಿಮ, ಅದನ್ನು ಆಟಗಾರನಾಗಲಿ ಮ್ಯಾನೇಜರ್ (ತಂಡದ ಮುಖ್ಯ ಕೋಚ್) ಆಗಲಿ ಪ್ರಶ್ನಿಸುವ ಹಾಗಿಲ್ಲ ಅಂತ ಬರೆದಿಟ್ಟಿದ್ದಾರೆ. ಇದಕ್ಕೆ ಬಂದ ವಿನಾಯಿತಿಗಳನ್ನು ಮುಂದೆ ಹೇಳುತ್ತೇನೆ. ವಾಸ್ತವದಲ್ಲಿ ಅಂಪೈರ್‌ಗಳು ಸಾಕಷ್ಟು ಸಹಿಸಿಕೊಳ್ಳುತ್ತಾರೆ. "ಅದು ಕೆಳಗಿತ್ತು" ಅಂತ ಗೊಣಗಿದರೆ ಕೇಳಿಸಲಿಲ್ಲ ಅನ್ನುವ ಹಾಗೆ ನಿಲ್ಲುತ್ತಾರೆ. "ತೀರ್ಪು ಕೆಟ್ಟದಾಗಿತ್ತು" ಅಂದರೂ ನಡೆಯುತ್ತದೆ. "ನೀನು ಕೆಟ್ಟವನು" ಅಂದ ಕ್ಷಣ ಮಾತು ಮುಗಿಯಿತು. ತೀರ್ಪಿನ ಬಗ್ಗೆ ಆಡುವ ಮಾತು ತೀರ್ಪು ಕೊಟ್ಟವನ ಮೇಲೆ ತಿರುಗಿದ ಗಳಿಗೆಯೇ ಗಡಿ. ಇಂಗ್ಲಿಷ್‌ನಲ್ಲಿ ಇದನ್ನು ವಿವರಿಸಲು ಅವರು ಒದ್ದಾಡುತ್ತಾರೆ. ನಮಗೆ ಒಂದೇ ಮಾತು ಸಾಕು, ಅಲ್ವಾ? ಏಕವಚನಕ್ಕೆ ಇಳಿಯುವುದು.

ಈ ಗಡಿ ದಾಟಿದವರ ಪಟ್ಟಿ ಉದ್ದ. 1917ರ ಜೂನ್ 23ರಂದು ಬೋಸ್ಟನ್‌ನಲ್ಲಿ ಬೇಬ್ ರೂತ್ ಪಿಚ್ ಮಾಡುತ್ತಿದ್ದರು. ಮೊದಲ ಬ್ಯಾಟರ್‌ಗೇ ನಾಲ್ಕು ಬಾಲ್ ಆಯಿತು. ರೂತ್ ಅಂಪೈರ್ ಬ್ರಿಕ್ ಓವೆನ್ಸ್ ಜೊತೆ ಜಗಳಕ್ಕೆ ನಿಂತು, ಗುದ್ದಿಯೇಬಿಟ್ಟರು. ಶಿಕ್ಷೆ ಹತ್ತು ಪಂದ್ಯ ಅಮಾನತು, 100 ಡಾಲರ್ ದಂಡ. ಅವರ ಬದಲಿಗೆ ಬಂದ ಅರ್ನಿ ಶೋರ್ ಆಮೇಲೆ ಒಬ್ಬರನ್ನೂ ಬೇಸ್ ಮುಟ್ಟಲು ಬಿಡಲಿಲ್ಲ. ಇವತ್ತಿಗೂ ಜನ ಶೋರ್ ಸಾಧನೆಯನ್ನು ನೆನೆಸಿಕೊಳ್ಳುತ್ತಾರೆ, ರೂತ್ ಗುದ್ದನ್ನು ತಮಾಷೆಯ ಕಥೆಯಾಗಿ ಹೇಳುತ್ತಾರೆ. ಗುದ್ದು ತಿಂದ ಓವೆನ್ಸ್ ಬಗ್ಗೆ ಕೇಳುವವರು ನನಗೆ ಸಿಕ್ಕಿಲ್ಲ.

ಮ್ಯಾನೇಜರ್‌ಗಳ ಕಥೆ ಬೇರೆ. ಅಟ್ಲಾಂಟಾದ ಬಾಬಿ ಕಾಕ್ಸ್ ತಮ್ಮ ವೃತ್ತಿಯಲ್ಲಿ ಹೆಚ್ಚುಕಡಿಮೆ 160 ಸಲ ಹೊರಹಾಕಿಸಿಕೊಂಡರು, ಅದೇ ದಾಖಲೆ. ಲೂ ಪಿನೆಲ್ಲಾ ಬೇಸನ್ನೇ ಕಿತ್ತು ಎಸೆಯುತ್ತಿದ್ದರು. 2001ರಲ್ಲಿ ಪಿಟ್ಸ್‌ಬರ್ಗ್‌ನ ಲಾಯ್ಡ್ ಮೆಕ್ಲೆಂಡನ್ ಮೊದಲ ಬೇಸನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಹೋದರು. ಇದರಲ್ಲಿ ಒಂದಿಷ್ಟು ಲೆಕ್ಕಾಚಾರವೂ ಇರುತ್ತದೆ. ರೇಗಿದ ಆಟಗಾರ ಹೊರಗೆ ಹೋದರೆ ತಂಡಕ್ಕೆ ನಷ್ಟ. ಅದಕ್ಕೆ ಮ್ಯಾನೇಜರ್ ಓಡಿಬಂದು ಮಧ್ಯೆ ನುಗ್ಗಿ, ಬೈಗುಳವನ್ನೆಲ್ಲ ತಾನೇ ಬೈದು, ತಾನೇ ಹೊರಗೆ ಹೋಗುತ್ತಾರೆ. ಕಾಕ್ಸ್ ಅವರ ಆಟಗಾರರು ಅವರಿಗಾಗಿ ಪ್ರಾಣ ಬಿಡುವಂತೆ ಆಡುತ್ತಿದ್ದುದಕ್ಕೆ ಇದೂ ಒಂದು ಕಾರಣ. ಇದನ್ನು ನಾನು ಪೂರ್ತಿ ತಪ್ಪು ಅನ್ನಲಾರೆ.

ಆದರೆ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ನನ್ನ ಮನಸ್ಸು ಬದಲಾಯಿತು.

ಮೊದಲನೆಯದು 1996ರ ಸೆಪ್ಟೆಂಬರ್ 27, ಟೊರೊಂಟೊ. ಬಾಲ್ಟಿಮೋರ್ ತಂಡದ ರಾಬರ್ಟೊ ಅಲೊಮಾರ್, ಆ ಕಾಲದ ಅತ್ಯುತ್ತಮ ಆಟಗಾರರಲ್ಲಿ ಒಬ್ಬರು. ಮೊದಲ ಇನ್ನಿಂಗ್ಸ್‌ನಲ್ಲೇ ಬ್ಯಾಟ್ ಬೀಸದೆ ಬಿಟ್ಟ ಚೆಂಡಿಗೆ ಮೂರನೇ ಸ್ಟ್ರೈಕ್ ಬಿತ್ತು. ಅಂಪೈರ್ ಜಾನ್ ಹಿರ್ಷ್‌ಬೆಕ್. ಅಲೊಮಾರ್ ಡಗೌಟ್‌ಗೆ ಹೋದರೂ ಬೈಯುವುದು ನಿಲ್ಲಿಸಲಿಲ್ಲ, ಹೊರಹಾಕಿಸಿಕೊಂಡರು. ವಾಪಸ್ ಬಂದು ಮುಖಕ್ಕೆ ಮುಖ ಕೊಟ್ಟು ವಾದಿಸಿದರು. ಕೊನೆಗೆ ಅಲೊಮಾರ್ ಹಿರ್ಷ್‌ಬೆಕ್ ಅವರ ಮುಖಕ್ಕೆ ಉಗುಳಿದರು. ತನಗೆ ಹಿರ್ಷ್‌ಬೆಕ್ ಕೆಟ್ಟ ಮಾತು ಬೈದರು ಅಂತ ಆಮೇಲೆ ಹೇಳಿಕೊಂಡರು. ಅಷ್ಟಕ್ಕೆ ನಿಲ್ಲಲಿಲ್ಲ. ಹಿರ್ಷ್‌ಬೆಕ್ ಅವರ ಎಂಟು ವರ್ಷದ ಮಗ 1993ರಲ್ಲಿ ಅಪರೂಪದ ಮೆದುಳಿನ ಕಾಯಿಲೆಯಿಂದ ತೀರಿಕೊಂಡಿದ್ದ. ಅದಾದ ಮೇಲೆ ಆ ಮನುಷ್ಯ ಕಹಿಯಾಗಿದ್ದಾರೆ ಅನ್ನುವ ಅರ್ಥದ ಮಾತನ್ನೂ ಅಲೊಮಾರ್ ಆಡಿದರು. ಮಾರನೇ ದಿನ ಅದನ್ನು ಕೇಳಿದ ಹಿರ್ಷ್‌ಬೆಕ್ ಬಾಲ್ಟಿಮೋರ್ ತಂಡದ ಕೋಣೆಗೇ ನುಗ್ಗಿದರು, ಬೇರೆಯವರು ಹಿಡಿದು ಎಳೆದುಕೊಂಡು ಹೋಗಬೇಕಾಯಿತು.

ಶಿಕ್ಷೆ ಐದು ಪಂದ್ಯ. ಅದೂ ಮುಂದಿನ ವರ್ಷ. ಮಾರನೇ ದಿನವೇ ಅಲೊಮಾರ್ ಆಡಿದರು, ಹತ್ತನೇ ಇನ್ನಿಂಗ್ಸ್‌ನಲ್ಲಿ ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಹೊಡೆದು ತಂಡವನ್ನು ಪ್ಲೇಆಫ್‌ಗೆ ಮುಟ್ಟಿಸಿದರು. ಅಂಪೈರ್‌ಗಳು ಪ್ಲೇಆಫ್ ಪಂದ್ಯಗಳಿಗೆ ಬರುವುದಿಲ್ಲ ಅಂತ ಹಟ ಹಿಡಿದರು. ಕೋರ್ಟ್ ಆದೇಶ ತಂದು ಅವರನ್ನು ಕೆಲಸಕ್ಕೆ ಕಳಿಸಲಾಯಿತು. ಮುಂದಿನ ಏಪ್ರಿಲ್‌ನಲ್ಲಿ ಇಬ್ಬರೂ ಮೈದಾನದಲ್ಲಿ ಕೈ ಕುಲುಕಿದರು. ಕಾಲ ಕಳೆದಂತೆ ಮಾತುಕತೆಯೂ ಬೆಳೆಯಿತು. ಹುಡುಗನನ್ನು ಬಲಿ ತೆಗೆದುಕೊಂಡ ಕಾಯಿಲೆಯ ಸಂಶೋಧನೆಗೆ ಅಲೊಮಾರ್ ಹಣ ಕೊಟ್ಟರು. ಹಿರ್ಷ್‌ಬೆಕ್ ಕ್ಷಮಿಸಿದರು. ಅದು ಅವರ ದೊಡ್ಡತನ. ಲೀಗ್ ಮಾತ್ರ ಅವತ್ತು ತನ್ನದೇ ಕೆಲಸಗಾರನ ಬೆನ್ನಿಗೆ ನಿಲ್ಲಲಿಲ್ಲ. 1917ರಲ್ಲಿ ಗುದ್ದಿದ್ದಕ್ಕೆ ಹತ್ತು ಪಂದ್ಯ, 1996ರಲ್ಲಿ ಮುಖಕ್ಕೆ ಉಗುಳಿದ್ದಕ್ಕೆ ಐದು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಎರಡನೆಯದು 2010ರ ಜೂನ್ 2, ಡೆಟ್ರಾಯ್ಟ್. ವೆನೆಜುವೆಲಾದ ಹುಡುಗ ಅರ್ಮಾಂಡೊ ಗಲಾರಾಗಾ ಪಿಚ್ ಮಾಡುತ್ತಿದ್ದ. 26 ಬ್ಯಾಟರ್ ಬಂದರು, 26 ಜನವೂ ಔಟ್. ಇನ್ನೊಬ್ಬನನ್ನು ಔಟ್ ಮಾಡಿದರೆ ಪರ್ಫೆಕ್ಟ್ ಗೇಮ್. ಮೇಜರ್ ಲೀಗ್‌ನ ಇಡೀ ಚರಿತ್ರೆಯಲ್ಲಿ ಅಲ್ಲಿಯವರೆಗೆ ಅದು ಆಗಿದ್ದು 20 ಸಲ ಮಾತ್ರ. 27ನೇ ಬ್ಯಾಟರ್ ಜೇಸನ್ ಡೊನಾಲ್ಡ್ ಚೆಂಡನ್ನು ನೆಲದ ಮೇಲೆ ಉರುಳಿಸಿ ಓಡಿದ. ಮಿಗೆಲ್ ಕಬ್ರೆರಾ ಹಿಡಿದು ಮೊದಲ ಬೇಸ್‌ಗೆ ಎಸೆದರು. ಓಡಿಬಂದ ಗಲಾರಾಗಾ ಚೆಂಡು ಹಿಡಿದು ಬೇಸ್ ತುಳಿದ. ಡೊನಾಲ್ಡ್ ಇನ್ನೂ ಒಂದು ಹೆಜ್ಜೆ ಹಿಂದೆ. ಮೈದಾನದಲ್ಲಿದ್ದ ಎಲ್ಲರಿಗೂ ಔಟ್ ಅಂತ ಕಂಡಿತು. ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಅಗಲಿಸಿದರು. ಸೇಫ್, ಅಂದರೆ ಔಟ್ ಅಲ್ಲ.

ಆ ವೀಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಡೊನಾಲ್ಡ್ ತಾನೇ ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾನೆ. ಕಬ್ರೆರಾ ಕೂಗುತ್ತಾರೆ. ಮ್ಯಾನೇಜರ್ ಜಿಮ್ ಲೇಲ್ಯಾಂಡ್ ಓಡಿಬರುತ್ತಾರೆ. ಗಲಾರಾಗಾ ಮುಖ ನೋಡಿ. ಜೀವನದಲ್ಲಿ ಮತ್ತೆ ಸಿಗದ ವಸ್ತು ಕೈಯಿಂದ ಜಾರಿಹೋಗಿದೆ. ಅವನು ನಗುತ್ತಾನೆ. ಅಣಕದ ನಗು ಅಲ್ಲ, ನಂಬಲಾಗದೆ ಬಂದ ಒಂದು ಚಿಕ್ಕ ನಗು. ಚೆಂಡು ತೆಗೆದುಕೊಂಡು ತನ್ನ ಜಾಗಕ್ಕೆ ನಡೆದು, ಮುಂದಿನ ಬ್ಯಾಟರ್‌ನನ್ನು ಔಟ್ ಮಾಡಿ ಪಂದ್ಯ ಮುಗಿಸುತ್ತಾನೆ.

ಪಂದ್ಯ ಮುಗಿದ ಮೇಲೆ ಜಾಯ್ಸ್ ವೀಡಿಯೊ ನೋಡಿದರು. ಆಟಗಾರರು ಬಹಳ ಗೌರವಿಸುತ್ತಿದ್ದ ಅಂಪೈರ್ ಅವರು. ತಪ್ಪು ಅಂತ ಗೊತ್ತಾದ ಕೂಡಲೇ ಗಲಾರಾಗಾನನ್ನು ಕರೆಸಿ, ಅಳುತ್ತಾ ಕ್ಷಮೆ ಕೇಳಿದರು. ಪತ್ರಕರ್ತರ ಮುಂದೆಯೂ ನೆಪ ಹೇಳಲಿಲ್ಲ, ಆ ಹುಡುಗನ ಪರ್ಫೆಕ್ಟ್ ಗೇಮ್ ನನ್ನಿಂದ ಹೋಯಿತು ಅಂತ ಒಪ್ಪಿಕೊಂಡರು. ಎಲ್ಲರೂ ತಪ್ಪು ಮಾಡುತ್ತಾರೆ ಅಂತ ಗಲಾರಾಗಾ ಹೇಳಿದ. ಮಾರನೇ ದಿನ ಮಧ್ಯಾಹ್ನ ಅದೇ ಎರಡು ತಂಡ, ಹೋಮ್ ಪ್ಲೇಟಿನ ಹಿಂದೆ ಅದೇ ಜಾಯ್ಸ್. ಪಂದ್ಯಕ್ಕೆ ಮುಂಚೆ ಆಟಗಾರರ ಪಟ್ಟಿಯ ಚೀಟಿ ತಂದುಕೊಡಲು ಡೆಟ್ರಾಯ್ಟ್ ತಂಡ ಕಳಿಸಿದ್ದು ಗಲಾರಾಗಾನನ್ನೇ. ಜಾಯ್ಸ್ ಕಣ್ಣು ಒರೆಸಿಕೊಂಡು ಚೀಟಿ ತೆಗೆದುಕೊಂಡರು, ಅವನ ಹೆಗಲು ತಟ್ಟಿದರು.

ಅಲೊಮಾರ್ ಕಳೆದುಕೊಂಡಿದ್ದು ಒಂದು ಸ್ಟ್ರೈಕ್. ಗಲಾರಾಗಾ ಕಳೆದುಕೊಂಡಿದ್ದು ಚರಿತ್ರೆಯಲ್ಲಿ ಒಂದು ಸಾಲು. ಸಿಟ್ಟಿನ ಅಳತೆ ತಪ್ಪಿನ ಅಳತೆಗೆ ಹೊಂದುವುದೇ ಇಲ್ಲ ಅಂತ ನನಗೆ ಗೊತ್ತಾಗಿದ್ದು ಇಲ್ಲೇ. ಹಾಗಾದರೆ ಸಿಟ್ಟು ಬರುವುದು ಎಲ್ಲಿಂದ?

ನನ್ನ ಮಟ್ಟಿಗೆ ಉತ್ತರ ಇದು: ಹೇಳಿಕೊಳ್ಳಲು ದಾರಿ ಇಲ್ಲದಿರುವುದರಿಂದ. ತಪ್ಪಾಗಿದೆ ಅಂತ ನನಗೆ ಗೊತ್ತು, ಟಿವಿಯಲ್ಲಿ ಪೆಟ್ಟಿಗೆಯ ಚಿತ್ರ ಹಾಕಿ ಲಕ್ಷಾಂತರ ಜನರಿಗೆ ತೋರಿಸುತ್ತಿದ್ದಾರೆ, ಮೈದಾನದಲ್ಲಿ ಮಾತ್ರ ನಾನು ಬಾಯಿ ಮುಚ್ಚಿಕೊಂಡು ನಡೆಯಬೇಕು. ಅಂಪೈರ್‌ಗಳಿಗೆ ಲೀಗ್ ಅಂಕ ಕೊಡುತ್ತದೆ, ಆದರೆ ಅದನ್ನು ಹೊರಗೆ ಹೇಳುವುದಿಲ್ಲ. ಆಟಗಾರನ ಅಮಾನತು ಸುದ್ದಿಯಾಗುತ್ತದೆ, ಅಂಪೈರ್‌ನ ತಪ್ಪಿಗೆ ಏನಾಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ಕಚೇರಿಯ ಕಿಟಕಿ ಮುಂದೆ ಅರ್ಜಿ ಹಿಡಿದು ನಿಂತು, "ಆಗಲ್ಲ, ಹೋಗಿ" ಅನ್ನಿಸಿಕೊಂಡವರಿಗೆ ಈ ಸಿಟ್ಟು ಗೊತ್ತು. ಕೆಲಸ ಆಗದಿದ್ದಕ್ಕಿಂತ ಕೇಳಿಸಿಕೊಳ್ಳದಿದ್ದದ್ದು ಜಾಸ್ತಿ ಸುಡುತ್ತದೆ.

ಅಂಪೈರ್‌ಗಳದ್ದೂ ತಪ್ಪಿಲ್ಲ ಅನ್ನುತ್ತಿಲ್ಲ. 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಮ್ಯಾನೇಜರ್ ಆರನ್ ಬೂನ್‌ಗೆ ಅಂಪೈರ್ ಹಂಟರ್ ವೆಂಡಲ್‌ಸ್ಟೆಡ್ ಪಂದ್ಯದ ಶುರುವಿನಲ್ಲೇ ಎಚ್ಚರಿಕೆ ಕೊಟ್ಟರು. ಬೂನ್ ಸುಮ್ಮನಾದರು. ಅಷ್ಟರಲ್ಲಿ ಡಗೌಟ್ ಮೇಲಿನ ಸೀಟಿನಲ್ಲಿದ್ದ ಪ್ರೇಕ್ಷಕನೊಬ್ಬ ಏನೋ ಕೂಗಿದ. ವೆಂಡಲ್‌ಸ್ಟೆಡ್ ಬೂನ್‌ರನ್ನು ಹೊರಹಾಕಿದರು. ನಾನಲ್ಲ, ನಾನೇನೂ ಹೇಳಲಿಲ್ಲ ಅಂತ ಬೂನ್ ಅಂಗಲಾಚಿದರೂ, ಯಾರು ಹೇಳಿದರು ಅನ್ನುವುದು ನನಗೆ ಬೇಕಿಲ್ಲ ಅನ್ನುವ ಉತ್ತರ ಬಂತು. ಮೈಕಿನಲ್ಲಿ ಎಲ್ಲ ಕೇಳಿಸಿತು. ಕೋಪ ತಾರಕಕ್ಕೆ ಹೋಗುವುದು ಎರಡೂ ಕಡೆ.

ಕ್ರಿಕೆಟ್‌ನಲ್ಲಿ ಅಂಪೈರ್ ತಾನೇ ಆಟಗಾರನನ್ನು ಹೊರಗೆ ಕಳಿಸುವುದು ಇಲ್ಲವೆನ್ನುವಷ್ಟು ಅಪರೂಪ. ದೂರು ಹೋಗುತ್ತದೆ, ಸಂಜೆ ಮ್ಯಾಚ್ ರೆಫರಿ ವಿಚಾರಣೆ ಮಾಡುತ್ತಾರೆ. ನಮ್ಮ ಜಾವಗಲ್ ಶ್ರೀನಾಥ್ 2006ರಿಂದ ಕೂತಿರುವುದು ಅದೇ ಕುರ್ಚಿಯಲ್ಲಿ. 2019ರಲ್ಲಿ ಜೈಪುರದ ಐಪಿಎಲ್ ಪಂದ್ಯದಲ್ಲಿ ಧೋನಿ ಮೈದಾನಕ್ಕೆ ನುಗ್ಗಿ ಅಂಪೈರ್‌ಗಳ ಜೊತೆ ವಾದಿಸಿದಾಗ ಆದದ್ದು ಪಂದ್ಯದ ಅರ್ಧ ಸಂಭಾವನೆ ದಂಡ. ಶಿಕ್ಷೆ ಕೊಡುವವರು ಬೇರೆ, ತೀರ್ಪು ಕೊಡುವವರು ಬೇರೆ. ಬೇಸ್‌ಬಾಲ್‌ನಲ್ಲಿ ಬೈಸಿಕೊಂಡವನೇ ಅಲ್ಲೇ ನಿಂತು ಶಿಕ್ಷೆ ಕೊಡಬೇಕು. ಅದು ಸಿಟ್ಟಿಗೆ ಇನ್ನಷ್ಟು ಸೌದೆ.

ಮೇಜರ್ ಲೀಗ್ ಇದನ್ನು ನಿಧಾನವಾಗಿ ಒಪ್ಪಿಕೊಂಡಿತು. ಹೋಮ್ ರನ್ ಹೌದೋ ಅಲ್ಲವೋ ಅಂತ ವೀಡಿಯೊ ನೋಡುವುದು 2008ರಲ್ಲಿ ಶುರುವಾಯಿತು. ಜಾಯ್ಸ್ ಮಾಡಿದಂಥ ತಪ್ಪನ್ನು ಸರಿಪಡಿಸುವ ಅವಕಾಶ 2014ರಲ್ಲಿ ಬಂತು. ಅಂದಿನಿಂದ ಬೇಸ್‌ಗಳ ಮೇಲಿನ ಜಗಳ ಹೆಚ್ಚುಕಡಿಮೆ ನಿಂತುಹೋಗಿದೆ, ಬೇಸ್ ಕಿತ್ತು ಎಸೆಯುವವರು ಕಾಣೆಯಾದರು. ಉಳಿದಿದ್ದು ಆ 17 ಇಂಚು. 2024ರಲ್ಲಿ ಮತ್ತು 2025ರಲ್ಲಿ ಹೊರಹಾಕಿಸಿಕೊಂಡವರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಜನ ಬಾಲ್-ಸ್ಟ್ರೈಕ್ ವಿಷಯಕ್ಕೇ ಹೋದವರು.

ಈ ವರ್ಷ ಅದಕ್ಕೂ ದಾರಿ ಸಿಕ್ಕಿದೆ. ಪ್ರತಿ ತಂಡಕ್ಕೆ ಎರಡು ಚಾಲೆಂಜ್. ಗೆದ್ದರೆ ಅದು ಉಳಿಯುತ್ತದೆ, ಸೋತರೆ ಹೋಯಿತು. ಕೇಳುವ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರ್ ಮೂವರಿಗೆ ಮಾತ್ರ. ಡಗೌಟ್ ಕಡೆ ನೋಡಿ ಸನ್ನೆ ಪಡೆಯುವ ಹಾಗಿಲ್ಲ. ಕೂಡಲೇ ಟೋಪಿ ಅಥವಾ ಹೆಲ್ಮೆಟ್ ತಟ್ಟಿಕೊಳ್ಳಬೇಕು. ಕ್ರಿಕೆಟ್ ಡಿಆರ್‌ಎಸ್‌ನಲ್ಲಿ ನಾವು ನೋಡುವ ಅದೇ ಹಾಕ್-ಐ ಕ್ಯಾಮೆರಾಗಳು ಚೆಂಡಿನ ದಾರಿಯನ್ನು ದೊಡ್ಡ ಪರದೆಯ ಮೇಲೆ ತೋರಿಸುತ್ತವೆ. ಪೆಟ್ಟಿಗೆಗೂ ಈಗ ಖಚಿತ ಅಳತೆ ಬಂದಿದೆ: ಬ್ಯಾಟರ್ ಎತ್ತರದ ನೂರಕ್ಕೆ 27ರಿಂದ 53.5ರವರೆಗೆ. ಮಂಡಿಗಿಂತ ಕೆಳಗಿನ ಚೆಂಡುಗಳಿಗೆ ವರ್ಷಗಟ್ಟಲೆ ಸ್ಟ್ರೈಕ್ ಅನ್ನಿಸಿಕೊಂಡು ಸುಮ್ಮನೆ ನಡೆದುಹೋಗುತ್ತಿದ್ದ ಜಡ್ಜ್ ಅಂಥವರಿಗೆ ಇದು ನ್ಯಾಯ ಸಿಕ್ಕ ಹಾಗೆ.

2025ರ ಅಭ್ಯಾಸ ಪಂದ್ಯಗಳಲ್ಲಿ ಇದನ್ನು ಪರೀಕ್ಷೆ ಮಾಡಿದ್ದರು. ಪಂದ್ಯಕ್ಕೆ ಸರಾಸರಿ ನಾಲ್ಕು ಚಾಲೆಂಜ್, ಒಂದೊಂದಕ್ಕೆ 14 ಸೆಕೆಂಡ್ ಆಸುಪಾಸು. ಅದರಲ್ಲಿ ಆಟಗಾರರ ಮಾತು ಸರಿ ಇದ್ದದ್ದು ನೂರಕ್ಕೆ 52. ಈ ಸಂಖ್ಯೆಯ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ಇವು ಸುಮ್ನೆ ಗೊಣಗಿದವಲ್ಲ, ತಂಡದ ಹತ್ತಿರ ಇರುವ ಎರಡೇ ಅವಕಾಶದಲ್ಲಿ ಒಂದನ್ನು ಪಣಕ್ಕೆ ಇಟ್ಟು ಕೇಳಿದವು. ಅಷ್ಟು ಧೈರ್ಯದಿಂದ ಕೇಳಿದಾಗಲೂ ಅರ್ಧದ ಹತ್ತಿರ ಅಂಪೈರ್ ಸರಿ ಇದ್ದರು. ಹಾಗಾದರೆ ನೂರು ವರ್ಷಗಳಿಂದ ಹೆಲ್ಮೆಟ್ ಎಸೆದವರು, ಬ್ಯಾಟ್ ಮುರಿದವರು, ಗೆರೆ ಎಳೆದವರು, ಅವರಲ್ಲಿ ಎಷ್ಟು ಜನರ ಸಿಟ್ಟಿಗೆ ಬುಡವೇ ಇರಲಿಲ್ಲ?

ಹಾಗಿದ್ದರೆ ಎಲ್ಲ ತೀರ್ಪನ್ನೂ ಯಂತ್ರಕ್ಕೇ ಬಿಟ್ಟರಾಗದೇ ಅಂತ ಕೇಳುವವರಿದ್ದಾರೆ. ದಕ್ಷಿಣ ಕೊರಿಯಾ 2024ರಲ್ಲಿ ಹಾಗೇ ಮಾಡಿತು. ಅಂಪೈರ್ ಕಿವಿಗೆ ಯಂತ್ರ ಹೇಳುತ್ತದೆ, ಅವರು ಅದನ್ನು ಕೂಗುತ್ತಾರೆ. ಅದೇ ಏಪ್ರಿಲ್‌ನಲ್ಲಿ ಕೆಟಿ ವಿಜ್ ತಂಡದ ಹ್ವಾಂಗ್ ಜೇ-ಗ್ಯುನ್ ಮೂರನೇ ಸ್ಟ್ರೈಕ್‌ಗೆ ಸಿಟ್ಟಾಗಿ ಹೆಲ್ಮೆಟ್ ನೆಲಕ್ಕೆ ಎಸೆದು ಹೊರಹಾಕಿಸಿಕೊಂಡರು. ಕ್ಯಾಮೆರಾ ಮೇಲೆ ಬಂದ ಸಿಟ್ಟು, ತೀರ್ಮಾನ ಮಾಡದ ಮನುಷ್ಯನ ಮುಂದೆ ಬಿತ್ತು. ಅದಕ್ಕೇ ನನಗೆ ಚಾಲೆಂಜ್ ಪದ್ಧತಿಯೇ ಸರಿ ಅನ್ನಿಸುತ್ತದೆ. ಮನುಷ್ಯ ತೀರ್ಪು ಕೊಡಲಿ, ಆಟಗಾರ ತಲೆ ತಟ್ಟಿಕೊಂಡು ಕೇಳಲಿ, ಉತ್ತರ ಎಲ್ಲರ ಮುಂದೆ ಬರಲಿ. ಸೋತರೆ ತನ್ನ ತಂಡದ ಅವಕಾಶ ತಾನೇ ಕಳೆದ ಅಂತ ಅವನಿಗೂ ಗೊತ್ತಿರುತ್ತದೆ. ಆಮೇಲೆ ಬೈಯುವುದು ಯಾರನ್ನು?

ಮೈದಾನದಲ್ಲಿ ಉಳಿಯಬೇಕಾದ್ದು ಇನ್ನೊಂದಿದೆ. ಬ್ಯಾಟಿಗೆ ತಾಗಿ ಹಿಂದಕ್ಕೆ ಹಾರಿದ ಚೆಂಡು ಒಮ್ಮೊಮ್ಮೆ ನೇರ ಅಂಪೈರ್ ಮಾಸ್ಕ್‌ಗೋ ಭುಜಕ್ಕೋ ಬಡಿಯುತ್ತದೆ. ಆಗ ಕ್ಯಾಚರ್ ಏನು ಮಾಡುತ್ತಾನೆ ಗಮನಿಸಿ. ಕಾರಣ ಇಲ್ಲದೆ ಎದ್ದು ಪಿಚರ್ ಹತ್ತಿರ ನಿಧಾನಕ್ಕೆ ನಡೆದುಹೋಗಿ ಏನೋ ಮಾತಾಡುತ್ತಾನೆ. ಮಾತಾಡಲು ಏನೂ ಇರುವುದಿಲ್ಲ. ಅಂಪೈರ್ ಸುಧಾರಿಸಿಕೊಳ್ಳಲಿ ಅಂತ ಸಮಯ ಕೊಡುತ್ತಿರುತ್ತಾನೆ. ಕ್ಯಾಚರ್‌ಗೆ ಪೆಟ್ಟು ಬಿದ್ದರೆ ಅಂಪೈರ್ ಮುಂದೆ ಬಂದು, ಚೊಕ್ಕಟವಾಗಿಯೇ ಇರುವ ಪ್ಲೇಟನ್ನು ಬ್ರಷ್‌ನಿಂದ ನಿಧಾನಕ್ಕೆ ಗುಡಿಸುತ್ತಾರೆ. ಒಬ್ಬರ ಬೆನ್ನ ಹಿಂದೆ ಒಬ್ಬರು ಮೂರು ಗಂಟೆ ಕುಕ್ಕರಗಾಲಲ್ಲಿ ಕಳೆಯುವವರು ಅವರು. ಬೈಗುಳದ ವೀಡಿಯೊಗಳಲ್ಲಿ ಇದು ಕಾಣುವುದಿಲ್ಲ.

ಆ ವೀಡಿಯೊಗಳ ಬಗ್ಗೆಯೇ ನನ್ನ ದೊಡ್ಡ ತಕರಾರು. ಮೇಜರ್ ಲೀಗ್ ಅಂಪೈರ್‌ಗೆ ಒಳ್ಳೆಯ ಸಂಬಳ ಇದೆ, ಸಂಘ ಇದೆ, ಭದ್ರತೆ ಇದೆ. ಅಲ್ಲಿಯ ಆಟಗಾರ ಕೂಗಿದ್ದನ್ನು ನೋಡಿ ನಕ್ಕವರು ಮಾರನೇ ಶನಿವಾರ ತಮ್ಮ ಮಗನ ಪಂದ್ಯಕ್ಕೆ ಹೋಗುತ್ತಾರೆ. ಅಲ್ಲಿ ಅಂಪೈರ್ ಆಗಿರುವುದು ಹೈಸ್ಕೂಲ್ ಹುಡುಗ. ಅಮೆರಿಕದ ಹೈಸ್ಕೂಲ್ ಕ್ರೀಡೆಗಳಲ್ಲಿ 2018-19ರಿಂದ 2021-22ರ ನಡುವೆ ಸುಮಾರು 50 ಸಾವಿರ ಅಂಪೈರ್-ರೆಫರಿಗಳು ಕೆಲಸ ಬಿಟ್ಟರು. ಕೋವಿಡ್ ಒಂದು ಕಾರಣ, ಬೈಗುಳ ಇನ್ನೊಂದು. ನ್ಯೂಜೆರ್ಸಿಯ ಡೆಪ್ಟ್‌ಫರ್ಡ್‌ನ ಮಕ್ಕಳ ಲೀಗ್ 2023ರಲ್ಲಿ ಒಂದು ನಿಯಮ ತಂದಿತು: ಅಂಪೈರ್‌ಗೆ ಬೈದ ಪ್ರೇಕ್ಷಕರು ಮತ್ತೆ ಮೈದಾನಕ್ಕೆ ಬರಬೇಕಾದರೆ ಮೊದಲು ಮೂರು ಪಂದ್ಯಕ್ಕೆ ತಾವೇ ಅಂಪೈರ್ ಆಗಿ ನಿಲ್ಲಬೇಕು. ಇದಕ್ಕಿಂತ ಒಳ್ಳೆಯ ಶಿಕ್ಷೆ ನಾನು ಕೇಳಿಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮೂರಿನ ಮಕ್ಕಳ ಪಂದ್ಯದಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಅಂಪೈರ್ ಆಗಿದ್ದ. ಎದೆಗೆ ಕಟ್ಟಿದ ಕವಚ ಅವನಿಗೆ ದೊಡ್ಡದಾಗಿ ಜೋತುಬಿದ್ದಿತ್ತು. ಎಡಗೈಯಲ್ಲಿ ಬಾಲ್-ಸ್ಟ್ರೈಕ್ ಎಣಿಸುವ ಪುಟ್ಟ ಚಕ್ರದ ಡಬ್ಬಿ. ಹತ್ತು ವರ್ಷದ ಮಗುವಿಗೆ ಮೂರನೇ ಸ್ಟ್ರೈಕ್ ಕೊಟ್ಟ. ಒಬ್ಬ ಅಪ್ಪ ಬೇಲಿ ದಾಟಿ ಒಳಗೆ ಬಂದರು. ಟೋಪಿ ತಿರುಗಿಸಿ ಹಾಕಿಕೊಂಡು, ಮೂಗಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತು ಕೂಗಿದರು. ಕೊನೆಗೆ ಕಾಲಿಂದ ಪ್ಲೇಟಿನ ಮೇಲೆ ಮಣ್ಣು ಒದ್ದರು. ಟಿವಿಯಲ್ಲಿ ನೋಡಿದ ಒಂದೊಂದು ಭಂಗಿಯೂ ಹಾಗೆ ಹಾಗೇ ಇತ್ತು. ಹುಡುಗ ಕೆಳಗೆ ನೋಡುತ್ತಾ ಆ ಡಬ್ಬಿಯ ಚಕ್ರವನ್ನು ಹೆಬ್ಬೆರಳಿಂದ ತಿರುಗಿಸುತ್ತಲೇ ಇದ್ದ. ನಾವು ಮೂವತ್ತು ಜನ ದೊಡ್ಡವರು ಕುರ್ಚಿಗಳಲ್ಲಿ ಕೂತೇ ಇದ್ದೆವು, ನಾನೂ ಸೇರಿ. ಮುಂದಿನ ವಾರ ಅವನು ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ.

ಈ ವಸಂತದಲ್ಲಿ ಅಂಪೈರ್‌ಗಳು ಸಾಲದು ಅಂತ ಲೀಗಿನವರು ಹೇಳಿದಾಗ ನಾನು ಹೆಸರು ಕೊಟ್ಟೆ. ಎರಡು ಸಂಜೆ ತರಬೇತಿ ಆಯಿತು. ಮೊದಲ ಪಂದ್ಯದ ಎರಡನೇ ಇನ್ನಿಂಗ್ಸ್‌ನಲ್ಲಿ ಎರಡು ಸ್ಟ್ರೈಕ್ ಆಗಿದ್ದ ಒಬ್ಬ ಹುಡುಗಿಗೆ ಚೆಂಡು ಮಂಡಿಯ ಮಟ್ಟಕ್ಕೆ, ಹೊರ ಅಂಚಿಗೆ ಬಂತು. ಅವಳು ಬೀಸಲಿಲ್ಲ. ಮಾಸ್ಕ್‌ನ ಕಂಬಿಗಳ ನಡುವೆ ಕಂಡಿದ್ದು ಗ್ಲೌಸಿಗೆ ಬಿದ್ದ ಬಿಳಿ ಚುಕ್ಕೆ ಒಂದೇ. ಬಲಗೈ ಎತ್ತಿ ಸ್ಟ್ರೈಕ್ ಅಂದೆ. ಅವಳು ತಿರುಗಿ ಒಂದು ಕ್ಷಣ ನನ್ನನ್ನೇ ನೋಡಿ, ಬ್ಯಾಟ್ ಹೆಗಲ ಮೇಲೆ ಇಟ್ಟುಕೊಂಡು ನಡೆದುಹೋದಳು. ಅದು ಸ್ಟ್ರೈಕ್ ಆಗಿತ್ತೋ ಇಲ್ಲವೋ, ಇವತ್ತಿಗೂ ನನಗೆ ಖಚಿತವಿಲ್ಲ.